ಗೂಟಕ್ಕೆ ನೇತುಹಾಕಿದ್ದ ಗೋಣಿಚೀಲ

ಕಳೆದ ತಿಂಗಳು ಮೊಮ್ಮಗಳನ್ನು ನೋಡಲು ಆಸ್ಪತ್ರೆಗೆ ಹೋದಾಗ ಕೈ ತೊಳೆಯುವಲ್ಲಿ ಕೆಂಪು ಕಾರ್ಬಾಲಿಕ್ ಸಾಬೂನಿನ ತುಂಡೊಂದು ಬಿದ್ದಿತ್ತು. ಎಷ್ಟೋ ವರ್ಷದಿಂದ ಕಂಡಿರಲಿಲ್ಲ. ಕೈಗೆ ಹಚ್ಚಿಕೊಂಡದ್ದೇ ತಡ, ಆ ಘಾಟಿಗೆ ತಿರುಗಿ ಬಾಗಿಲ ಕಡೆ ನೋಡಿದೆ. ನರ್ಸಬಾಯಿ ಬಂದು ಬಾಗಿಲಲ್ಲಿ ನಿಂತ ಹಾಗೆ...

ಎಪ್ಪತ್ತರ ದಶಕದ ಮಾತು. ಆಗ ನಾವು ಇಂಡಿ ಊರಿನಲ್ಲಿದ್ದೆವು. ತವರಿನಲ್ಲಿ ತಾಯಿ ಇಲ್ಲದ್ದರಿಂದ ನನ್ನ ಬಾಣಂತನ ಅತ್ತೆಯ ಮನೆಯಲ್ಲೇ ನಡೆಯಿತು. ಹೆರಿಗೆ ಮಾಡಿಸಿದ ನರ್ಸಬಾಯಿ ಆಮೇಲೂ ದಿನ ಬಿಟ್ಟು ದಿನ ಬಂದು ಕೂಸನ್ನು ನೋಡಿ ಹೋಗುತ್ತಿದ್ದರು. ಐವತ್ತರ ಹತ್ತಿರದ ಎತ್ತರದ ಹೆಂಗಸು. ಬಿಳಿ ಸೀರೆ, ಕಾಲಲ್ಲಿ ಗಂಡಸರ ಚಪ್ಪಲಿ, ಕೈಗಳಿಗೆ ಸದಾ ಆ ಕೆಂಪು ಸಾಬೂನಿನ ಘಾಟು. ಕೆಲಸದ ಮೇಲೆ ಕಣ್ಣಿಟ್ಟೇ ಮಾತಾಡುವ ರೂಢಿ, ಯಾರ ಮುಖವನ್ನೂ ನೋಡುತ್ತಿರಲಿಲ್ಲ.

ನಮ್ಮ ಮನೆಯಲ್ಲೊಂದು ಬೂದು ಬೆಕ್ಕಿತ್ತು. ಜೋಳದ ಚೀಲಗಳಿಗೆ ಇಲಿ ಬೀಳುತ್ತವೆಂದು ಅತ್ತೆಯೇ ತಂದು ಹಾಲು ಹಾಕಿ ಸಾಕಿದ್ದರು. ಕೂಸು ಹುಟ್ಟಿದ ಮೂರನೆಯ ದಿನ ಅದು ಕೂಸಿನ ಕಾಲ ಬಳಿ ಮುದುಡಿ ಮಲಗಿದ್ದನ್ನು ಕಂಡರು ನೋಡಿ, ಅಂದಿನಿಂದ ಅವರಿಗೆ ಅನ್ನ ಸೇರಲಿಲ್ಲ. ಅವರ ಮೊದಲ ಕೂಸು ತಿಂಗಳೊಳಗೇ ತೀರಿಕೊಂಡಿತ್ತು. ಬೆಳಗ್ಗೆ ನೋಡಿದಾಗ ಪಕ್ಕದಲ್ಲಿ ಬೆಕ್ಕು ಮಲಗಿತ್ತಂತೆ. ಬೆಕ್ಕು ಕೂಸಿನ ಉಸಿರು ಕುಡಿಯುತ್ತದೆ ಎಂದು ಅವರು ನಂಬಿದ್ದರು. ಅದನ್ನು ಕೇಳಿದ ಮೇಲೆ ನಾನೂ ಅರ್ಧ ನಂಬಿದೆ.

ಮರುದಿನ ಪಡಸಾಲೆಯ ಗೂಟಕ್ಕೆ ಖಾಲಿ ಗೋಣಿಚೀಲವೊಂದು ಬಂತು. ಜೊತೆಗೆ ಒಂದು ಮೊಳ ಹುರಿ. ನಾನು ಮಲಗಿದಲ್ಲಿಂದ ಅದು ಕಾಣುತ್ತಿತ್ತು.

ನರ್ಸಬಾಯಿ ಬಂದವರು ಅದನ್ನು ನೋಡಿದರು. "ಇದು ಯಾತಕ್ರೀ ಅವ್ವಾರ?"

"ಬೆಕ್ಕು ಬಿಟ್ಟು ಬರಾಕರಿ," ಎಂದರು ಅತ್ತೆ. "ಸಣ್ಣ ಮಗ ಹಳ್ಳದಾಗ ಇಟ್ಟು ಬರ್ತಾನ. ಕೊಲ್ಲೂದಿಲ್ಲರಿ ಮತ್ತ, ಪಾಪ ಯಾರು ಹೊರ್ತಾರ? ಚೀಲದ ಬಾಯಿ ಕಟ್ಟಿರತೇವಿ ಅಷ್ಟ. ಬಿಚ್ಚಿ ಬಿಟ್ರ ನಮಗಿಂತ ಮೊದಲ ಮನಿಗಿ ಬಂದಿರ್ತೈತಿ."

ನರ್ಸಬಾಯಿ ಅವತ್ತು ಅತ್ತೆಯ ಮುಖವನ್ನೇ ನೋಡಿದರು. "ಇಂಥಾ ಬಿಸಲಾಗ ಕಟ್ಟಿ ಇಟ್ರ ಕೊಂದಂಗ ಅಲ್ಲೇನ್ರಿ? ಹ್ವಾದ ವರ್ಷ ಅಂಥಾದೊಂದು ಚೀಲ ಬಿಚ್ಚೀನಿ ನಾ. ನಾಕ ಮರಿ ಇದ್ದುವು... ನಾ ಕೂಸು ಹಿಡದ ಮನ್ಯಾಗ ಇದು ಆಗಬಾರದರಿ. ತಾಂಬಾ ಊರಾಗ ಸಾಲಿ ಕಲಿಸೂ ಅಕ್ಕೋರೊಬ್ಬರು ಇಲಿ ಕಾಟಕ್ಕ ಬ್ಯಾಸತ್ತಾರ. ಅವರನ್ನ ಕೇಳಿ ಬರ್ತೇನಿ. ಕೂಸಿನ್ನ ತೊಟ್ಟಿಲಕ್ಕ ಹಾಕೂ ತನಕಾ ತಡೀರಿ."

ಅತ್ತೆ ಒಪ್ಪಿದರು. ಬೆಕ್ಕನ್ನು ಹಿತ್ತಲಿನ ಕಟ್ಟಿಗೆ ಕೋಣೆಯಲ್ಲಿ ಕೂಡಿಹಾಕಿದರು. ಚೀಲ ಮಾತ್ರ ಗೂಟದ ಮೇಲೇ ಉಳಿಯಿತು. ಎರಡು ದಿನ ಬಿಟ್ಟು ನರ್ಸಬಾಯಿ ಬಂದು, ಅಕ್ಕೋರು ಹೂಂ ಅಂದಿದ್ದಾರೆ, ನಾಳೆ ಮುಂಜಾನೆ ಬುಟ್ಟಿ ತಂದು ಬಸ್ಸಿನಲ್ಲಿ ನಾನೇ ಒಯ್ಯುತ್ತೇನೆ ಎಂದರು.

ಮುಂಜಾನೆ ಅವರು ಬರಲಿಲ್ಲ. ಹತ್ತು ಹೊಡೆಯಿತು, ಹನ್ನೆರಡು ಹೊಡೆಯಿತು. ಮಧ್ಯಾಹ್ನ ಯಾರೋ ಕಟ್ಟಿಗೆಗೆಂದು ಬಾಗಿಲು ತೆರೆದರು. ಬೆಕ್ಕು ಓಡಿ ಬಂದು ಸೀದಾ ನನ್ನ ಹಾಸಿಗೆ ಹತ್ತಿ ಕೂಸಿನ ಮುಖ ಮೂಸಿತು. ಕೂಸು ಕಿಟಾರನೆ ಚೀರಿತು. ಅತ್ತೆಯ ಕೂಗು ಅದಕ್ಕಿಂತ ದೊಡ್ಡದಿತ್ತು.

ಗೂಟದಿಂದ ಚೀಲ ಎಳೆದ ಸದ್ದು ಕೇಳಿದೆ. ಬೆಕ್ಕು ಒದರಿತು. ಆಮೇಲೆ ಅದೇ ದನಿ ಗೋಣಿಯೊಳಗಿಂದ... ಮೈದುನ ಸೈಕಲ್ ತಿರುಗಿಸಿದ. ನಾನು ಕೂಸನ್ನು ಎದೆಗೆ ಒತ್ತಿಕೊಂಡು ಕಣ್ಣು ಮುಚ್ಚಿದೆ.

ಮರುದಿನ ಮುಂಜಾನೆ ನರ್ಸಬಾಯಿ ಬುಟ್ಟಿ ಹಿಡಿದು ಬಂದರು. ನಿದ್ದೆಯಿಲ್ಲದೆ ಕಣ್ಣು ಕೆಂಪಾಗಿದ್ದವು. ಹಳ್ಳಿಯೊಂದರಲ್ಲಿ ಕಷ್ಟದ ಹೆರಿಗೆ, ಬಿಟ್ಟು ಬರುವ ಹಾಗಿರಲಿಲ್ಲವಂತೆ. ಖಾಲಿ ಗೂಟ ನೋಡಿದವರೇ ಹಳ್ಳದ ದಾರಿ ಹಿಡಿದರು.

ಬಿಸಿಲೇರಿದ ಮೇಲೆ ಮರಳಿದರು. ಮೊಣಕೈತನಕ ಜಾಲಿಮುಳ್ಳಿನ ಗೀರು. ಅಂಗಳದಲ್ಲಿ ಬಹಳ ಹೊತ್ತು ಕೈ ತೊಳೆದರು.

"ಸಿಕ್ತೇನ್ರೀ ಬಾಯಾರ?" ಅತ್ತೆ ಹೊಸ್ತಿಲಲ್ಲೇ ನಿಂತು ಕೇಳಿದರು.

"ಸಿಕ್ತು. ತಡಾ ಆಗಿತ್ತು."

ಒಳಗೆ ಬಂದು ಕೂಸಿನ ಹೊಕ್ಕುಳ ನೋಡಿದರು. ತಲೆ ಎತ್ತದೆ ನನ್ನನ್ನು ಕೇಳಿದರು. "ಬೆಕ್ಕು ಒಯ್ಯೂ ಮುಂದ ನೀ ಎಚ್ಚರ ಇದ್ದೇನು ತಂಗಿ?"

"ಹೌದ್ರಿ."

"ಒದರಿತ್ತೇನು?"

"ಒದರಿತ್ರಿ..."

ಕೂಸನ್ನು ಅರಿವೆಯಲ್ಲಿ ಬಿಗಿಯಾಗಿ ಸುತ್ತಿ ನನ್ನ ಮಡಿಲಿಗಿಟ್ಟು ಎದ್ದರು. ಅವತ್ತು ಅತ್ತೆ ಊಟ ಮಾಡಲಿಲ್ಲ.

ಅದಾದ ಮೇಲೆ ನರ್ಸಬಾಯಿ ಬಸುರಿಯರ ಮನೆಗೆ ಹೋದರೆ ಮೊದಲು ಕೇಳುತ್ತಿದ್ದದ್ದು, "ಮನ್ಯಾಗ ಬೆಕ್ಕು ಐತೇನು?" ಎಂದು. ಇದ್ದರೆ ತೊಟ್ಟಿಲಿಗೆ ಬಲೆಯಂಥ ಜಾಳಿಗೆ ಕಟ್ಟುವುದನ್ನು, ಕೋಣೆಯ ಬಾಗಿಲು ಹಾಕಿಕೊಳ್ಳುವುದನ್ನು ಕಲಿಸುತ್ತಿದ್ದರು. ಅದಕ್ಕೂ ಒಪ್ಪದವರ ಬೆಕ್ಕಿಗೆ ಹೆರಿಗೆಯ ಮೊದಲೇ ಬೇರೆ ಮನೆ ಹುಡುಕುತ್ತಿದ್ದರು. ಒಂದು ಬೆಕ್ಕಂತೂ ಅವರ ಬುಟ್ಟಿಯಲ್ಲಿ ದೂರದ ಮೋರಟಗಿಯತನಕ ಹೋಯಿತು. ಮಂದಿ ನಕ್ಕು ನರ್ಸಬಾಯಿ ಎನ್ನುವ ಬದಲು ಬೆಕ್ಕಿನಬಾಯಿ ಎಂದು ಕರೆದರು. ನಮ್ಮ ಮನೆಗೂ ಬರುವಷ್ಟು ದಿನ ಬಂದರು, ಆದರೆ ಚಹಾ ಕುಡಿಯಲಿಲ್ಲ.

ಮುಂದೆ ಅವರಿಗೆ ಮುದ್ದೇಬಿಹಾಳದ ಕಡೆ ವರ್ಗವಾಯಿತು. ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ವರ್ಷ ಕಳೆದ ಮೇಲೆ. ಬದುಕಿದ್ದಾಗ ಹೋಗಿ ಕಾಣಬಹುದಿತ್ತು, ಹೋಗಲಿಲ್ಲ.

ಯಾಕೆ ಸುಮ್ಮನಿದ್ದೆ ಎಂದು ಅವರು ಅಂದು ಕೇಳಲೇ ಇಲ್ಲ. ಕೇಳಿದ್ದರೆ ಅತ್ತೆಗೆ ಅಂಜಿದೆ ಎನ್ನುತ್ತಿದ್ದೆನೋ, ನನಗೂ ಬೆಕ್ಕು ಹೋದರೆ ಸಾಕಾಗಿತ್ತು ಎಂಬ ನಿಜ ಹೇಳುತ್ತಿದ್ದೆನೋ... ಈಗ ಹೇಳಬೇಕೆಂದರೂ ಕೇಳಿಸಿಕೊಳ್ಳಲು ಅವರಿಲ್ಲ.