ಸಾಣೆ ಮಿಷನ್ನಿಗೆ ಹೊಸ ಪಿನ್ನು

ಹಿರಿಯೂರಿನಲ್ಲಿ ನನ್ನದು ಮೋಟಾರು, ಪಂಪು ರಿಪೇರಿಯ ಅಂಗಡಿ. ಅಣ್ಣನದು ಮರ ಕೊಯ್ಯುವ ಕೆಲಸ. ಕಾಯಿ ಬಿಡುವುದು ನಿಂತ ಹಳೆಯ ತೆಂಗಿನ ಮರಗಳನ್ನು ಉರುಳಿಸಿ, ಚೈನ್ ಗರಗಸದಿಂದ ಉದ್ದಕ್ಕೆ ಸೀಳಿ, ಕೊಟ್ಟಿಗೆಗೆ ತೊಲೆ ಮಾಡಿಕೊಡುತ್ತಿದ್ದ. ಕೆಮ್ಮಣ್ಣಿನ ನೀರಲ್ಲಿ ಅದ್ದಿದ ದಾರವನ್ನು ದಿಮ್ಮಿಯ ಮೇಲೆ ಬಿಗಿಹಿಡಿದು ಮಿಡಿದರೆ ಕೆಂಪು ಗೆರೆ ಬೀಳುತ್ತದೆ. ಆ ಗೆರೆ ಬಿಟ್ಟು ಅವನ ಗರಗಸ ಅತ್ತಿತ್ತ ಹೋದದ್ದನ್ನು ಯಾರೂ ಕಂಡಿರಲಿಲ್ಲ. ಹೊಸದುರ್ಗದ ಕಡೆಯವರೂ ಅವನನ್ನೇ ಹುಡುಕಿಕೊಂಡು ಬರುತ್ತಿದ್ದರು.

ಹೋದ ವರ್ಷದಿಂದ ಕೊಯ್ತ ಎಡಕ್ಕೆ ಎಳೆಯತೊಡಗಿತು. ಒಂದು ತುದಿ ದಪ್ಪ, ಇನ್ನೊಂದು ತುದಿ ತೆಳ್ಳಗಾದ ತೊಲೆಯನ್ನು ಯಾರು ಒಪ್ಪುತ್ತಾರೆ? ಕರೆಯುವವರು ಕಡಿಮೆಯಾದರು. ಚೈನು ಓಡುವ ಉದ್ದನೆಯ ಪಟ್ಟಿಯನ್ನು ಅಣ್ಣ ಹೊಸದು ಹಾಕಿಸಿದ; ಪ್ರಯೋಜನವಾಗಲಿಲ್ಲ. ಕೊನೆಗೆ ತಪ್ಪೆಲ್ಲ ನನ್ನ ಸಾಣೆ ಮಿಷನ್ನಿನ ಮೇಲೆ ಬಂತು. ಅವನ ಚೈನಿನ ಹಲ್ಲುಗಳನ್ನು ಹರಿತ ಮಾಡಿಕೊಡುತ್ತಿದ್ದವನು ನಾನೇ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಚುಡಾಯಿಸಿದೆ. ಅವನು ನಗಲಿಲ್ಲ. ತಮಾಷೆಗೆ ಎಲ್ಲರಿಗಿಂತ ಮೊದಲು ನಗುವವನು ಅವನು. ಮರ ಕೊಯ್ಯುವುದು ಬಿಟ್ಟರೆ ಬೇರೆ ಕಸುಬು ಕಲಿತವನಲ್ಲ. ಅದೂ ಹೋದರೆ ಇವನು ಏನಾಗುತ್ತಾನೋ ಎಂದು ನನಗೆ ಭಯವಾಯಿತು.

ಮಿಷನ್ನಿನಲ್ಲೂ ಐಬಿತ್ತು, ಸುಳ್ಳಲ್ಲ. ಅಗ್ಗಕ್ಕೆ ಬಿದ್ದು ತಂದದ್ದು. ಸಾಣೆಚಕ್ರವನ್ನು ಕೆಳಗಿಳಿಸುವ ತೋಳು ತನ್ನ ಪಿನ್ನಿನಲ್ಲಿ ಅಲುಗಾಡುತ್ತಿತ್ತು. ಚೈನನ್ನು ಕಚ್ಚಿ ಹಿಡಿಯುವ ದವಡೆಯಲ್ಲೂ ಸಂದು. ಹಾಗಾಗಿ ಬಲಗಡೆಯ ಹಲ್ಲುಗಳು ಎಡಗಡೆಯವಕ್ಕಿಂತ ಕೂದಲೆಳೆಯಷ್ಟು ಗಿಡ್ಡವಾಗುತ್ತಿದ್ದವು. ಅಳೆದು ನೋಡಿ ಈ ತಪ್ಪು ಸಿಕ್ಕಾಗ ನನಗೆಷ್ಟು ಖುಷಿಯಾಯಿತು! ಆ ಖುಷಿಯನ್ನು ನೆನೆದರೆ ಈಗ ಸಂಕಟವಾಗುತ್ತದೆ.

ಲೇತ್ ಅಂಗಡಿಯಲ್ಲಿ ಅಳತೆಗೆ ಸರಿಯಾದ ಪಿನ್ನು ಮಾಡಿಸಿ, ಅದರ ಸುತ್ತ ಬಳೆಯಂಥ ಹಿತ್ತಾಳೆಯ ಬುಷ್ ಕೂರಿಸಿದೆ. ಮುರಿದ ಹ್ಯಾಕ್ಸಾ ಬ್ಲೇಡಿನ ಚೂರನ್ನು ಉಜ್ಜಿ ತೆಳ್ಳಗೆ ಮಾಡಿ ದವಡೆಯ ಸಂದಿಗೆ ಕೊಟ್ಟೆ. ಚೈನು ಸಾಣೆ ಹಿಡಿದ ಮೇಲೆ ವರ್ನಿಯರ್‌ನಿಂದ ಒಂದೊಂದು ಹಲ್ಲನ್ನೂ ಅಳೆದೆ. ಎರಡೂ ಕಡೆ ಸಮ. ಅಣ್ಣ ಪಕ್ಕದಲ್ಲೇ ಕುಳಿತು ನೋಡುತ್ತಿದ್ದ. ಟೀ ಲೋಟ ಎಡಗೈಯಲ್ಲಿತ್ತು. ಅವನು ಎಡಚನಲ್ಲ ಎನ್ನುವುದು ಆಗ ನನಗೆ ಹೊಳೆಯಲೇ ಇಲ್ಲ.

ಮರುದಿನ ಊರಾಚೆಯ ತೋಟಕ್ಕೆ ನಾನೂ ಹೋದೆ. ಅಣ್ಣನೂ ಅವನ ಜೊತೆಗಾರನೂ ದಿಮ್ಮಿಗೆ ದಾರ ಹೊಡೆದರು. ಅಣ್ಣ ಕೊಯ್ಯತೊಡಗಿದ. ಮೊಳದಷ್ಟು ನೇರಕ್ಕೆ ಹೋಯಿತು. ಆಮೇಲೆ ಗೆರೆ ಒಂದು ಕಡೆ, ಗರಗಸ ಒಂದು ಕಡೆ. ಅವನು ಗರಗಸ ನಿಲ್ಲಿಸಿ ಜೊತೆಗಾರನ ಕೈಗೆ ಕೊಟ್ಟ. ಅದೇ ಚೈನು, ಅದೇ ದಿಮ್ಮಿ. ಜೊತೆಗಾರ ಪಕ್ಕದ ಗೆರೆ ಹಿಡಿದು ತುದಿಯವರೆಗೂ ನೆಟ್ಟಗೆ ಸೀಳಿದ. ಅಣ್ಣ ತನ್ನ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ನಿಂತಿದ್ದ; ಬೆರಳುಗಳು ನಡುಗುತ್ತಿದ್ದವು. ಸಾಣೆ ಸರಿಯಿಲ್ಲ ಅನ್ನುವ ಒಂದು ನೆಪವಾದರೂ ಅವನಿಗಿತ್ತು. ಅದನ್ನೂ ನಾನು ಕಿತ್ತುಕೊಂಡಿದ್ದೆ. ನನಗೆ ಅಲ್ಲಿ ನಿಲ್ಲಲಾಗಲಿಲ್ಲ; ಬೈಕಿನ ಹತ್ತಿರ ಬಂದು ಕಾದೆ.

ವಾಪಸ್ಸು ಬರುವಾಗ ಹಿಂದೆ ಕುಳಿತಿದ್ದ ಅಣ್ಣ ದಾರಿ ಅರ್ಧ ಕಳೆದ ಮೇಲೆ ಕೇಳಿದ.

"ಒಂದೆರಡು ಹಲ್ಲು ಉದ್ದ ಉಳ್ದಿರಬೌದೇನಲೇ?"

ಎಲ್ಲವೂ ಸಮ ಎಂದು ನನಗೆ ಗೊತ್ತಿತ್ತು.

"ಇರಬೌದಣ್ಣ," ಅಂದೆ. "ಸಂಜಿಗೆ ಚೈನು ಬಿಚ್ಚಿ ಇನ್ನೊಂದ್ಸಲ ಅಳೀತೀನಿ."

"ಎಲ್ಲಿಂದ ಬಿಚ್ತೀಯಪ್ಪ," ಅಂದ. "ಗರಗಸ ಅವ್ನಿಗೇ ಕೊಟ್ಟು ಬಂದೀನಿ."