ಕಾಕು ಮುಡಿದ ನಾರುವ ಹೂವು

ಇವತ್ತು ಬೆಳಿಗ್ಗೆ ಹಿತ್ತಲಿನ ಪ್ಯಾಟಿಯೋ ಬಾಗಿಲು ತೆಗೆದ ಮಗಳು ಮೂಗು ಮುಚ್ಚಿಕೊಂಡು, "ಅಮ್ಮಾ, ಸಮ್‌ಥಿಂಗ್ ಡೈಡ್ ಔಟ್ ಹಿಯರ್" ಎಂದಳು. ಏನೂ ಸತ್ತಿರಲಿಲ್ಲ. ಕಾಕುವಿನ ಹೂವು ಅರಳಿತ್ತು...

ಕಾಕು ಸ್ಯಾನ್ ರಮೋನ್‌ನಲ್ಲಿ ನಮ್ಮ ಪಕ್ಕದ ಮನೆಯವರು, ಹುಬ್ಬಳ್ಳಿ ಕಡೆಯವರು; ಅಲ್ಲಿ ಚಿಕ್ಕಮ್ಮನಿಗೆ ಕಾಕು ಎನ್ನುತ್ತಾರೆ. ಗಂಡ ತೀರಿಕೊಂಡ ವರ್ಷ ಸ್ಯಾನ್ ಫ್ರಾನ್ಸಿಸ್ಕೋದ ಯಾವುದೋ ಗಿಡಗಳ ಸೇಲ್‌ನಿಂದ ಒಂದು ಗಡ್ಡೆ ತಂದರು. ಸುವರ್ಣಗಡ್ಡೆಯ ಹಾಗೆ ಚಪ್ಪಟೆ, ಅಂಗೈಯಗಲ. ಆಫ್ರಿಕಾದ ಹುಲ್ಲುಗಾವಲಿನದು, ಅಲ್ಲೂ ಈಗ ಅಪರೂಪವಂತೆ. ಚಳಿಗಾಲವಿಡೀ ಕುಂಡದಲ್ಲಿ ಬರೀ ಮಣ್ಣು. ಇಲ್ಲಿನ ಚಳಿಗಾಲದ ಮಳೆಗೆ ಗಡ್ಡೆ ಕೊಳೆಯಬಾರದೆಂದು ಗ್ಯಾರೇಜಿನಲ್ಲಿ ಇಡುತ್ತಿದ್ದರು. ವಸಂತಕ್ಕೆ ಮಣ್ಣಿಗಂಟಿದಂತೆ ಕಪ್ಪುಗೆಂಪು ಹೂವಿನ ಗೊಂಚಲು, ಜೊತೆಗೆ ಸತ್ತ ಇಲಿಯ ವಾಸನೆ. ನೊಣಗಳಿಗೆ ಹಬ್ಬ. ನನಗಂತೂ ಮೊದಲ ಸಲ ವಾಕರಿಕೆಯೇ ಬಂದಿತ್ತು.

ಕಾಕುವಿನ ಗಂಡ ತೀರಿಕೊಂಡ ಮೇಲಿನ ಮೊದಲ ಚೈತ್ರಗೌರಿಯ ಅರಿಶಿನ ಕುಂಕುಮ ನಮ್ಮ ಬೀದಿಯ ಕೊನೆಯ ಮನೆಯಲ್ಲಿ. ಮನೆಯಾಕೆ ಒಬ್ಬೊಬ್ಬರಿಗೂ ಮಲ್ಲಿಗೆ ಕೊಡುತ್ತಾ ಬಂದರು. ಕಾಕು ಕೂತಲ್ಲಿಗೆ ಬಂದಾಗ ತಟ್ಟೆ ನಿಲ್ಲದೆ ಮುಂದೆ ಹೋಯಿತು. ಗಂಡ ಇಲ್ಲವಲ್ಲ! ಕೋಸಂಬರಿ ಮಾತ್ರ ಧಾರಾಳವಾಗಿ ಬಂತು. ಆಫೀಸಿನಲ್ಲಿ ಸಮಾನತೆಯ ಬಗ್ಗೆ ಗಂಟೆಗಟ್ಟಲೆ ಮಾತಾಡುವವರೂ ಅಲ್ಲಿದ್ದರು. ಅವರೂ ಮಲ್ಲಿಗೆ ಮುಡಿದುಕೊಂಡರು, ನಾನೂ.

ಮರುವರ್ಷ ಅದೇ ಮನೆಗೆ ಕಾಕು ಆ ಹೂವಿನ ಗೊಂಚಲನ್ನೇ ತುರುಬಿಗೆ ಮುಡಿದು ಬಂದರು. ಊದುಬತ್ತಿ ಸೋತಿತು. ಕಿಟಕಿಗಳೆಲ್ಲ ತೆರೆದವು. ನಾರುತ್ತಿದೆ, ತೆಗೆದಿಡಿ ಎಂದು ಮನೆಯಾಕೆ ಮೆಲ್ಲಗೆ ಕೇಳಿಕೊಂಡರು.

"ನಾರತದ, ಖರೆ," ಎಂದರು ಕಾಕು. "ನಿಮ್ಮ ಮಲ್ಲಿಗಿ ನನಗ ಕೊಡಂಗಿಲ್ಲ. ಅದಕ್ಕ ನನ್ನ ಹೂವ ನಾನ ಮುಡಕೊಂಡು ಬಂದೀನಿ. ನಿಮ್ಮ ಈ ಪದ್ಧತಿ ಏನು ಘಮ ಘಮ ಅಂತದೇನು?"

ಆಮೇಲೆ ಪಾನಕ ಮುಗಿಯುವ ತನಕ ಗಟ್ಟಿಯಾಗಿ ಕೂತು, ಕೋಸಂಬರಿ ಇನ್ನೊಮ್ಮೆ ಹಾಕಿಸಿಕೊಂಡರು. ನನಗಾದ ಖುಷಿ ಅಷ್ಟಿಷ್ಟಲ್ಲ.

ಹೋದ ಚಳಿಗಾಲದಲ್ಲಿ ಕಾಕು ತೀರಿಕೊಂಡರು. ಮನೆ ಖಾಲಿ ಮಾಡುವಾಗ ಅವರ ಮಗ, ಬರೀ ಮಣ್ಣು ಎಂದುಕೊಂಡು ಕುಂಡವನ್ನು ಕಸದ ಪಕ್ಕ ಇಟ್ಟಿದ್ದ. ನಾನು ಎತ್ತಿಕೊಂಡು ಬಂದೆ.

ಇವತ್ತು ಚೈತ್ರಗೌರಿ ನಮ್ಮ ಮನೆಯಲ್ಲಿ. ಗಂಡ ಇರುವವರು, ಹೋದವರು, ಬಿಟ್ಟವರು, ಎಲ್ಲರನ್ನೂ ಕರೆದಿದ್ದೇನೆ, ಆ ಮನೆಯಾಕೆಯನ್ನೂ. ಮಲ್ಲಿಗೆ ಎಲ್ಲರಿಗೂ ಉಂಟು. ಮೊದಲು ಯಾರ ಕೈಗೆ ಕೊಡಬೇಕಿತ್ತೋ ಅವರು ಮಾತ್ರ ಇಲ್ಲ.

ಪ್ಯಾಟಿಯೋಗೆ ಹೋಗಿ ಗೊಂಚಲು ಕಿತ್ತು ನಾನೇ ಮುಡಿದುಕೊಂಡೆ. "ಅಮ್ಮಾ, ಸೀರಿಯಸ್ಲಿ?" ಎಂದಳು ಮಗಳು. ಹೌದು ಎಂದೆ. ಜನ ಬಂದ ಮೇಲೆ ಕಿಟಕಿ ತೆಗೆಯಬೇಡ ಎಂದೂ ಹೇಳಿದೆ.