ಐದು ಅಕ್ಷರ, ನಡುವೆ ಓ

ಅವರ ಬಲಗೈ ಹೆಬ್ಬೆರಳಿನ ಉಗುರು ಎರಡು ದಿನ ಒಂದೇ ಬಣ್ಣದಲ್ಲಿ ಇದ್ದದ್ದನ್ನು ನಾನು ನೋಡಿಲ್ಲ. ಸೋಮವಾರ ನೀಲಿ ಇದ್ದರೆ ಬುಧವಾರ ಕೆಂಪು. ಥಿನ್ನರ್ ಹಚ್ಚಿ ಎಷ್ಟೇ ತಿಕ್ಕಿದರೂ ಉಗುರಿನ ಸಂದಿಯಲ್ಲಿ ಒಂದು ಗೆರೆ ಉಳಿದೇ ಇರುತ್ತಿತ್ತು, ಅದಕ್ಕಾಗಿ ಊಟಕ್ಕೆ ಕೂತಾಗಲೆಲ್ಲ ಹೆಂಡತಿಯಿಂದ ಬೈಸಿಕೊಳ್ಳುತ್ತಿದ್ದರು. ಕುಷ್ಟಗಿಯಲ್ಲಿ ಅಂಗಡಿಗಳಿಗೆ ಬೋರ್ಡು ಬರೆಯುವ ಪೇಂಟರ್ ಅವರು. ಗಂಗಾವತಿಯಿಂದ ಅಲ್ಲಿನ ಹೈಸ್ಕೂಲಿಗೆ ಇಂಗ್ಲಿಷ್ ಟೀಚರಾಗಿ ಹೋದ ನಾನು ಅವರ ಮಗ್ಗುಲ ಮನೆಯಲ್ಲಿ ಬಾಡಿಗೆಗಿದ್ದೆ. ನಾನು ಅವರಿಗೆ ಕಾಕಾ ಅನ್ನುತ್ತಿದ್ದೆ. ವಯಸ್ಸಿನಲ್ಲಿ ನನ್ನ ಅಪ್ಪನಿಗಿಂತ ದೊಡ್ಡವರಾದರೂ ಅವರು ನನಗೆ ಅಕ್ಕಾರ ಅನ್ನುತ್ತಿದ್ದರು.

ಊರಿಗೆ ಫ್ಲೆಕ್ಸ್ ಬಂದು ಎಷ್ಟೋ ವರ್ಷ ಆಗಿತ್ತು. ಆದರೂ ಸಣ್ಣಪುಟ್ಟ ಅಂಗಡಿಯವರು ಅವರ ಕೈಬರಹ ಬಿಟ್ಟಿರಲಿಲ್ಲ. ತಗಡಿನ ಮೇಲೆ ದೊಡ್ಡದಾಗಿ ಕನ್ನಡ, ಅದರ ಕೆಳಗೆ ಒಂದು ಇಂಗ್ಲಿಷ್ ಹೆಸರು. ಕನ್ನಡವನ್ನು ಕಣ್ಣು ಮುಚ್ಚಿ ಬರೆಯುತ್ತಿದ್ದರು. ಇಂಗ್ಲಿಷಿನ ಅಕ್ಷರ ಗೊತ್ತು, ಅರ್ಥ ಗೊತ್ತಿಲ್ಲ. ಅದಕ್ಕೆ ನನ್ನ ಬಾಗಿಲಿಗೆ ಬರುತ್ತಿದ್ದರು.

"ಅಕ್ಕಾರ, ಐದಕ್ಷರದ್ದೊಂದು ಮಾತು ಬೇಕಾಗೇತ್ರಿ. ನಡುವ ಓ ಇರಬೇಕು. ಅರ್ಥಾನೂ ಛಲೋ ಇರಬೇಕು."

"ಓನೇ ಯಾಕ ಬೇಕು ಕಾಕಾ?"

"ಅದರ ಹೊಟ್ಟಿ ಖಾಲಿ ಇರತೈತ್ರಿ. ಅಲ್ಲಿ ನಾ ಚಿತ್ರ ಬಿಡಸ್ತೀನಿ."

ಗಡಿಯಾರ ರಿಪೇರಿಯವನಿಗೆ ಕ್ಲಾಕ್ ಅಂತ ಕೊಟ್ಟೆ, ನಡುವಿನ ಓ ಮುಳ್ಳು ಸಮೇತ ಗಡಿಯಾರವಾಯಿತು. ಹೂವಿನ ಅಂಗಡಿಗೆ ಬ್ಲೂಮ್ ಕೊಟ್ಟಾಗ ಎರಡು ಓ ಸಿಕ್ಕವು. ಕಾಕಾ ಆ ದಿನವಿಡೀ ಹಬ್ಬದ ಮುಖ ಮಾಡಿಕೊಂಡು ಓಡಾಡಿದರು. ಮಿರ್ಚಿ ಭಜಿಯವನಿಗೆ ಸ್ಮೋಕ್ ಅಂದರೆ ಹೇಗೆ ಅಂತ ಕೇಳಿದೆ, ಹೊಗೆ ಅಂತ ಅರ್ಥವನ್ನೂ ಹೇಳಿದೆ. "ಬ್ಯಾಡ್ರಿ. ಮಂದಿ ತಿನ್ನಾಕ ಬರ್ತಾರ, ಹೊಗಿ ಹಾಕಿಸ್ಕೊಳ್ಳಾಕಲ್ಲ" ಅಂದರು. ನಾನು ನಕ್ಕೂ ನಕ್ಕೂ ಸುಸ್ತಾದೆ.

ಒಂದು ನೇಮವಿತ್ತು. ಪದವನ್ನು ನಾನು ಬಾಯಲ್ಲಿ ಹೇಳಿದರೆ ಸಾಲದು, ಅವರ ಉದ್ದನೆಯ ವಹಿಯಲ್ಲಿ ನನ್ನ ಕೈಯಾರೆ ಬರೆದು ಪಕ್ಕದಲ್ಲಿ ಕನ್ನಡ ಅರ್ಥ ಹಾಕಬೇಕು. "ಕೇಳಿ ಬರ್ಯೂದಿಲ್ರಿ, ನೋಡಿ ಬರೀತೀನಿ" ಅನ್ನುತ್ತಿದ್ದರು. ಅಷ್ಟು ವರ್ಷದಲ್ಲಿ ಒಂದು ಅಕ್ಷರ ತಪ್ಪು ಬರೆದವರಲ್ಲ ಅಂತ ಊರಲ್ಲಿ ಹೆಸರಿತ್ತು. ಆ ಹೆಸರೇ ಅವರ ಅನ್ನ.

ಅವರ ಮಗಳು ಬಸ್‌ಸ್ಟ್ಯಾಂಡ್ ಹತ್ತಿರ ಚೂಡಿದಾರ, ದುಪಟ್ಟಾ ಮಾರುವ ಅಂಗಡಿ ಇಟ್ಟಳು. ಕಾಕಾ ವಹಿ ಹಿಡಿದು ಬಂದಾಗ ನಾನು ಉತ್ತರಪತ್ರಿಕೆ ತಿದ್ದುತ್ತಿದ್ದೆ. ತಲೆ ಎತ್ತದೆ ಸ್ಟೋಲ್ ಅಂದೆ. ಎಸ್, ಟಿ, ಓ, ಎಲ್, ಇ ಅಂತ ಬರೆದು, ಹೆಗಲ ಮೇಲೆ ಹೊದೆಯುವ ವಸ್ತ್ರ ಅಂತ ಅರ್ಥ ಹಾಕಿಕೊಟ್ಟೆ. ಅದೇ ಪದಕ್ಕೆ ಕದ್ದರು ಅನ್ನುವ ಅರ್ಥವೂ ಇದೆ. ಎಂಟನೇ ತರಗತಿಗೆ ಸ್ಟೀಲ್, ಸ್ಟೋಲ್, ಸ್ಟೋಲನ್ ಅಂತ ರಾಗ ಹಾಕಿಸಿ ಬಾಯಿಪಾಠ ಮಾಡಿಸುವ ನನಗೇ ಅದು ಹೊಳೆಯಲಿಲ್ಲ. ಎಂಥ ಟೀಚರು ನಾನು.

ಓ ಒಳಗೆ ಕಾಕಾ ತಲೆತುಂಬ ಸೆರಗು ಹೊದ್ದ ಹೆಣ್ಣಿನ ಮುಖ ಬಿಡಿಸಿದರು. ಅವರು ಬರೆದುದರಲ್ಲೆಲ್ಲ ಅದೇ ಚಂದ ಇತ್ತು. ಅಂಗಡಿ ತೆರೆದ ಎರಡನೇ ದಿನ ಯಾರೋ ಫೋಟೋ ತೆಗೆದು, ಈ ಅಂಗಡಿಯ ಹೆಸರೇ 'ಕದ್ದರು' ಅಂತ ವಾಟ್ಸಾಪಿಗೆ ಹಾಕಿದರು. ಊರೆಲ್ಲ ನಕ್ಕಿತು. ಪೇಂಟರ್‌ಗೆ ಇಂಥ ಇಂಗ್ಲಿಷ್ ಕಲಿಸಿದ ಪುಣ್ಯಾತ್ಮರು ಯಾರು ಅಂತ ನಮ್ಮ ಸ್ಟಾಫ್ ರೂಮಿನಲ್ಲೂ ಮಾತು ಬಂತು. ನಾನು ನೀರು ಕುಡಿಯುವ ನೆವ ಮಾಡಿ ಎದ್ದುಹೋದೆ.

ಸಂಜೆ ಇಬ್ಬರು ಟೀಚರ್‌ಗಳ ಜೊತೆ ಆ ಅಂಗಡಿಯ ಮುಂದೆ ಹಾದು ಬರುವಾಗ ಜನ ಸೇರಿದ್ದರು. ಕಾಕಾ ನನ್ನನ್ನು ಕಂಡು ಹತ್ತಿರ ಬಂದರು. "ಅಕ್ಕಾರ, ಈ ಮಾತಿಗೆ ಇನ್ನೊಂದು ಅರ್ಥ ಐತಂತಲ್ರಿ, ಖರೇ ಏನ್ರಿ?"

ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. "ನಾ ಸ್ಟೋರ್ ಅಂತ ಹೇಳಿದ್ದೆ ಕಾಕಾ" ಅಂದೆ. "ನೀವು ಸ್ಟೋಲ್ ಅಂತ ಕೇಳಿಸ್ಕೊಂಡೀರಿ."

ನಾನು ಬರೆದುಕೊಟ್ಟ ವಹಿ ಅವರ ಬಗಲಲ್ಲೇ ಇತ್ತು. ತೆಗೆದು ತೋರಿಸಿದ್ದರೆ ಅಲ್ಲೇ ನನ್ನ ಮಾನ ಹರಾಜಾಗುತ್ತಿತ್ತು. ಅವರು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. "ಹೌದೇನೋ ಬಿಡ್ರಿ. ಕಿವಿ ಯಾಕೋ ಮಂದ ಆಗ್ಯಾವ" ಅಂದು, ಏಣಿ ತರಿಸಿ, ಎಲ್ಲರ ಎದುರಿಗೇ ಎಲ್ ಅಳಿಸಿ ಆರ್ ಬರೆದರು.

ಪೇಂಟರ್‌ಗೆ ಕಿವಿ ಕೇಳಂಗಿಲ್ಲ, ಏನರ ಹೇಳಿದ್ರ ಏನರ ಬರೀತಾನ ಅನ್ನುವ ಮಾತು ಹಬ್ಬಿತು. ಉಳಿದಿದ್ದ ಗಿರಾಕಿಗಳೂ ಫ್ಲೆಕ್ಸಿನ ಕಡೆ ಹೋದರು. ಕಾಕಾ ನನ್ನ ಮೇಲೆ ಸಿಟ್ಟು ಮಾಡಲಿಲ್ಲ, ಮೊದಲಿನಂತೆಯೇ ಮನೆಯಿಂದ ಬಿಸಿ ರೊಟ್ಟಿ ಕಳಿಸುತ್ತಿದ್ದರು. ಆದರೆ ಮತ್ತೆ ಒಂದು ಪದ ಕೇಳಲಿಲ್ಲ. ತಪ್ಪಾಯಿತು ಅನ್ನಬೇಕೆಂದು ಎಷ್ಟೋ ಸಲ ಅವರ ಕಟ್ಟೆಯವರೆಗೆ ಹೋಗಿದ್ದೇನೆ. ಊಟ ಆತೇನ್ರಿ ಕಾಕಾ ಅಂತ ಕೇಳಿ ವಾಪಸು ಬಂದಿದ್ದೇನೆ. ಅಷ್ಟರಲ್ಲಿ ಕೊಪ್ಪಳಕ್ಕೆ ವರ್ಗವಾಯಿತು. ಪಾರಾದೆ ಅಂತ ಒಳಗೊಳಗೇ ಸಮಾಧಾನಪಟ್ಟೆ, ಸುಳ್ಳು ಯಾಕೆ ಹೇಳಲಿ.

ಹೋದ ವರ್ಷ ಕಾಕಾ ತೀರಿಕೊಂಡ ಸುದ್ದಿ ಬಂತು. ಮಣ್ಣಿಗೆ ಹೋಗಲಾಗಲಿಲ್ಲ, ಮರುವಾರ ಹೋದೆ. ಅವರ ಮಗಳ ಕೈ ಹಿಡಿದು, ಆ ತಪ್ಪು ನಂದು, ನಿಮ್ಮಪ್ಪಂದಲ್ಲ ಅಂದೆ.

"ನಮಗ ಗೊತ್ತೈತ್ರಿ ಅಕ್ಕಾರ" ಅಂದಳು. "ಮಂದಿಗೆ ಹೇಳತೀನಂತ ನಾ ಹೊಂಟಿದ್ದೆ, ಅಪ್ಪ ಬಿಡಲಿಲ್ಲ. ಆಕಿ ನಾಳೆ ಹುಡುಗೂರ ಮುಂದ ನಿಂತು ಪಾಠ ಹೇಳಬೇಕು ಅಂದ." ಮತ್ತೆ ಅಂದಳು: "ನೀವು ಒಂದ್ ಸರ್ತಿ ಮನಿಗೆ ಬಂದು ಹೇಳ್ತೀರಿ ಅಂತ ಅಪ್ಪ ಭಾಳ ದಿನ ದಾರಿ ನೋಡಿದನ್ರಿ."

ಅವರಿಗೆ ಹೇಳುವುದು ಇನ್ನು ಆಗದ ಮಾತು. ಕುಷ್ಟಗಿಯವರು ಯಾರಾದರೂ ಇದನ್ನು ಓದಿದರೆ ನಾಲ್ಕು ಮಂದಿಗೆ ತಿಳಿಸಲಿ: ನಮ್ಮ ಪೇಂಟರ್ ಕಾಕಾನ ಕಿವಿ ಚುರುಕಾಗಿದ್ದವು.